ಮಗಳಿಗೊಂದು ಪತ್ರ: ಜನ ತುಂಬಾ ನಕ್ಕ ಮೇಲೆ

ಪ್ರೀತಿಯ ಚಿನ್ನು,

ನಿನ್ನ ಸ್ಟ್ಯಾಂಡ್-ಅಪ್ ಕಾಮಿಡಿ ವಿಡಿಯೋ ದಾವಣಗೆರೆಗೂ ಬಂದು ತಲುಪಿದೆ. ನಮ್ಮ ಗ್ರೂಪಿಗೆ ಅದನ್ನು ಕಳಿಸಿದವರೊಬ್ಬರಿಗೆ ಅದು ನೀನೇ ಅಂತ ಗೊತ್ತೇ ಆಗಿಲ್ಲ. 'ಈ ಹುಡುಗಿ ನೋಡಿ, ನಿಮ್ಮ ಮಗಳ ಥರಾನೇ ಇದ್ದಾಳೆ' ಅಂತ ಬರೆದಿದ್ದರು. ನಿಮ್ಮಪ್ಪ ಇಡೀ ದಿನ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ಎಲ್ಲರಿಗೂ ಖುಷಿ, ನನಗೂ. ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ. ಜನ ನಗದೆ ನೀನು ಸೋತು ಬಂದಾಗ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಈಗ ಆಗುತ್ತಿದೆ.

ಸೋಲನ್ನು ನಾನು ಕಣ್ಣಾರೆ ನೋಡಿದ್ದೇನಲ್ಲ. ಹೆಸರು ಬರೆಸಿದವರು ಯಾರು ಬೇಕಾದರೂ ಸ್ಟೇಜ್ ಹತ್ತಬಹುದು, ಓಪನ್ ಮೈಕ್ ಅಂತ ನೀನು ನನ್ನನ್ನು ಇಂದಿರಾನಗರದ ಕೆಫೆಯ ಮಹಡಿಗೆ ಕರೆದುಕೊಂಡು ಹೋಗಿದ್ದೆ. ಕುರ್ಚಿಗಳೇನೋ ತುಂಬಿದ್ದವು, ಆದರೆ ಮುಕ್ಕಾಲು ಪಾಲು ನಿನ್ನ ಹಾಗೆಯೇ ಹೆಸರು ಬರೆಸಿ ಕಾಯುತ್ತಿದ್ದವರು. ಯಾರೂ ಸ್ಟೇಜ್ ಕಡೆ ನೋಡುತ್ತಿರಲಿಲ್ಲ. ಪರೀಕ್ಷೆ ಹಾಲಿನ ಹೊರಗೆ ನಿಂತ ಮಕ್ಕಳ ಹಾಗೆ ತುಟಿ ಅಲ್ಲಾಡಿಸುತ್ತಾ ಫೋನಿನಲ್ಲಿ ತಮ್ಮ ತಮ್ಮ ಜೋಕು ಓದಿಕೊಳ್ಳುತ್ತಿದ್ದರು. ನೀನು ಮಾತಾಡುವಾಗ ಹಿಂದಿನಿಂದ ಯಾರೋ ಟಾರ್ಚ್ ಬಿಟ್ಟರು. ಕರೆಂಟ್ ಹೋಯಿತೇನೋ ಅಂದುಕೊಂಡೆ. ಇನ್ನು ಒಂದೇ ನಿಮಿಷ, ಮುಗಿಸು ಅಂತ ಅದರ ಅರ್ಥವಂತೆ. ನಿನ್ನ ಮನೆ ಓನರ್ ಜೋಕಿಗೆ ಒಬ್ಬರೂ ನಗಲಿಲ್ಲ. ಫ್ರಿಜ್ ಸದ್ದು ಕೇಳಿಸುತ್ತಿತ್ತು. ನೀನು ಅಳುತ್ತೀಯ ಅಂತ ಬ್ಯಾಗಿನಲ್ಲಿ ಕರ್ಚೀಫ್ ಹುಡುಕುತ್ತಿದ್ದೆ. ನೀನೋ ಆಟೋ ಹತ್ತಿದ ಕೂಡಲೇ, 'ಓನರ್ ಅನ್ನೋದನ್ನ ಮೊದಲೇ ಬಿಟ್ಟುಕೊಟ್ಟೆ, ಕೊನೆಗೆ ಬರಬೇಕಿತ್ತು' ಅಂತ ಆ ಸಾಲನ್ನೇ ತಿರುವಿ ಹಾಕುತ್ತಾ ಕೂತೆ. ಇವಳು ಇಲ್ಲಿ ಬದುಕುತ್ತಾಳೆ ಅಂತ ನನಗೆ ಆವತ್ತೇ ಅನ್ನಿಸಿತು.

ಈಗಿನ ತೊಂದರೆ ಬೇರೆ. ವಿಡಿಯೋ ಹಾಕದಿದ್ದರೆ ಟಿಕೆಟ್ ಹೋಗುವುದಿಲ್ಲ. ಹಾಕಿದರೆ, ತಿಂಗಳುಗಟ್ಟಲೆ ತಿದ್ದಿದ ಐದು ನಿಮಿಷ ಒಂದೇ ವಾರಕ್ಕೆ ಖಾಲಿ. ದುಡ್ಡು ಕೊಟ್ಟು ಬಂದವರು ಪಂಚ್‌ಲೈನನ್ನು ನಿನಗಿಂತ ಮೊದಲೇ ಹೇಳಿಬಿಡುತ್ತಾರೆ. ಅದಕ್ಕೇ ತುಂಬಾ ಜನ ಕ್ರೌಡ್ ವರ್ಕ್ ಕ್ಲಿಪ್ ಮಾತ್ರ ಹಾಕುತ್ತಾರೆ ಅಂತ ನೀನೇ ಅಂದೆ. ಮುಂದಿನ ಸಾಲಿನವರನ್ನು ಕೆಣಕಿದ್ದು ತಾನೇ, ಬರೆದಿಟ್ಟದ್ದು ಖರ್ಚಾಗಲ್ಲ. ಜಾಣತನವೇ. ಆದರೆ ಈಗ ಬರುವವರೆಲ್ಲ ಕೆಣಕಿಸಿಕೊಳ್ಳುವುದಕ್ಕೇ ಬರುತ್ತಾರಂತಲ್ಲ, ಅವರ ಮುಂದೆ ಬರೆದದ್ದನ್ನು ಹೇಳುವುದು ಯಾವಾಗ?

ನಾವು ನಕ್ಕ ರೀತಿಯೇ ಬೇರೆ ಇತ್ತು. ಗಂಗಾವತಿ ಪ್ರಾಣೇಶ್ ಅವರ ಕ್ಯಾಸೆಟ್ ನಿಮ್ಮಪ್ಪನಿಗೆ ಬಾಯಿಪಾಠ. ಆದರೂ ಊರಲ್ಲಿ ಅವರ ಹಾಸ್ಯ ಸಂಜೆ ಇದೆ ಅಂದರೆ ಮುಂಚೆಯೇ ಹೋಗಿ ಜಾಗ ಹಿಡಿಯುತ್ತಿದ್ದರು. ಬೀಚಿಯವರ ತಿಮ್ಮನ ಮಾತು ಯಾವಾಗ ಬರುತ್ತೆ ಅಂತ ಕಾಯುವುದು, ಬಂದಾಗ ಹೊಸದಾಗಿ ಕೇಳಿದವರಂತೆ ನಗುವುದು. ನಿಮಗೆ ಆ ಭಾಗ್ಯ ಇಲ್ಲ. ನಿನಗೆ ಹತ್ತಿರದ ದಾರಿ ಮಾಸ್ಟರ್ ಹಿರಣ್ಣಯ್ಯನವರದು ಅಂತ ನನಗೆ ಕಾಣುತ್ತದೆ. 'ಲಂಚಾವತಾರ'ದ ಕಥೆ ಅದೇ ಇರುತ್ತಿತ್ತು, ಮಾತು ಮಾತ್ರ ಅದೇ ಅಲ್ಲ. ಬೆಳಗಿನ ಪೇಪರಿನಲ್ಲಿ ಬಂದ ಸುದ್ದಿ ರಾತ್ರಿ ನಾಟಕದೊಳಗೆ ಬಂದು ಕೂರುತ್ತಿತ್ತು. ಹಾಗಾಗಿ ನೋಡಿದವರೇ ಮತ್ತೆ ಹೋಗುತ್ತಿದ್ದರು. 2019ರಲ್ಲಿ ಅವರು ಹೋಗುವ ಹೊತ್ತಿಗೆ ಆ ನಾಟಕ ಸಾವಿರಾರು ಸಲ ಆಡಿ ಆಗಿತ್ತು. ಹೊಸದು ಸಿಗದೇ ಇದ್ದಾಗ ಪೇಪರ್ ಓದು ಮಾರಾಯ್ತಿ. ಸುಮ್ನೆ ಫೋನ್ ತಿಕ್ಕುತ್ತಾ ಕೂರಬೇಡ.

ಪೇಪರ್ ಓದು ಅಂದ ಕೂಡಲೇ ನನಗೇ ಇನ್ನೊಂದು ನೆನಪಾಗುತ್ತದೆ. 2021ರಲ್ಲಿ ಮುನವ್ವರ್ ಫಾರೂಕಿ ಅನ್ನೋ ಕಾಮಿಡಿಯನ್ ಶೋ ವಿಚಾರಕ್ಕೇ ಇಂದೋರ್‌ನಲ್ಲಿ ಒಂದು ತಿಂಗಳಿಗೂ ಜಾಸ್ತಿ ಜೈಲಿನಲ್ಲಿದ್ದ. ಅದೇ ವರ್ಷ ನವೆಂಬರ್‌ನಲ್ಲಿ ನಿಮ್ಮ ಬೆಂಗಳೂರಿನಲ್ಲೇ ಅವನ ಶೋ ರದ್ದಾಯಿತು. 2025ರ ಮಾರ್ಚ್‌ನಲ್ಲಿ ಕಾಮಿಡಿಯನ್ ಕುನಾಲ್ ಕಾಮ್ರಾನ ವಿಡಿಯೋ ಬಂದ ಮೇಲೆ, ಅವನು ಶೋ ಮಾಡಿದ್ದ ಮುಂಬೈನ ಹ್ಯಾಬಿಟ್ಯಾಟ್ ಅನ್ನೋ ಜಾಗಕ್ಕೆ ನುಗ್ಗಿ ಒಡೆದು ಹಾಕಿದರು. ಜೋಕು ಹೇಳಿದವನು ಒಬ್ಬ, ಮುರಿದ ಕುರ್ಚಿ ಇನ್ನೊಬ್ಬರದು. ಹೆದರಿಕೊಂಡು ಬರೆ ಅಂತ ಹೇಳಲ್ಲ, ಹಾಗೆ ಬರೆದರೆ ನೀನು ನೀನಾಗಿ ಇರಲ್ಲ. ಪ್ರತಿ ಶೋದ ಪೂರ್ತಿ ರೆಕಾರ್ಡಿಂಗ್ ಮಾತ್ರ ನಿನ್ನ ಹತ್ತಿರ ಇಟ್ಟುಕೋ. ಮೂವತ್ತು ಸೆಕೆಂಡು ಕತ್ತರಿಸಿ ಹಂಚುವವರು ಹಿಂದೆ ಮುಂದೆ ಏನಿತ್ತು ಅಂತ ಹೇಳುವುದಿಲ್ಲ.

'ಹೆಣ್ಮಕ್ಕಳಿಗೆ ಕಾಮಿಡಿ ಬರಲ್ಲ' ಅಂತ ನಿನ್ನ ವಿಡಿಯೋ ಕೆಳಗೆ ಯಾರೋ ಬರೆದಿದ್ದರು. ಸುಧಾ ಬರಗೂರು ಅವರ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕವರ ನಾಡಿನಲ್ಲಿ ಇದೆಂಥಾ ಮಾತು! ನಮ್ಮ ದೇಶದ ಕಾಮಿಡಿಯನ್ ಉರೂಜ್ ಅಶ್ಫಾಕ್ 2023ರಲ್ಲಿ ಎಡಿನ್‌ಬರೋ ಉತ್ಸವಕ್ಕೆ ಹೋಗಿ ಕಾಮಿಡಿಯಲ್ಲಿ ಹೊಸಬರ ಪ್ರಶಸ್ತಿ ತಂದಳು ಅಂತ ನೀನೇ ಹೇಳಿದ್ದೆ. ಬಿಡು, ಉತ್ತರ ಕೊಡಬೇಡ.

ದುಡ್ಡಿನ ವಿಷಯ. ಡಿಸೆಂಬರಿನ ಕಂಪನಿ ಪಾರ್ಟಿ ಶೋಗಳನ್ನು ಬಿಡಬೇಡ. ರಾಜಕೀಯ ಬೇಡ, ಧರ್ಮ ಬೇಡ, ಬಾಸ್ ಬಗ್ಗೆ ಬೇಡ ಅಂತ ಮೊದಲೇ ಮೇಲ್ ಮಾಡುತ್ತಾರೆ, ಗೋಬಿ ಮಂಚೂರಿ ಬಂದ ಕೂಡಲೇ ಹಾಲ್ ಪೂರ್ತಿ ನಿನಗೆ ಬೆನ್ನು ತಿರುಗಿಸುತ್ತದೆ, ಎಲ್ಲಾ ಗೊತ್ತು. ಆದರೆ ಆ ಒಂದು ರಾತ್ರಿಯ ದುಡ್ಡಿಗೆ ಎಷ್ಟು ಕೆಫೆ ಶೋ ಬೇಕು ಲೆಕ್ಕ ಹಾಕು. ಆ ದುಡ್ಡು ಜೂನ್‌ವರೆಗೂ ಬರಬೇಕು. ಹೆಲ್ತ್ ಇನ್ಶೂರೆನ್ಸ್ ಕಂತು ತಪ್ಪಿಸಬೇಡ. ಬಾಡಿಗೆಗೆ ಕಡಿಮೆ ಬಿದ್ದರೆ ನಮಗೆ ಹೇಳು, ಫ್ರೆಂಡ್ಸ್ ಹತ್ತಿರ ಕೇಳಬೇಡ.

ನಿನ್ನ ಜೋಕಿನಲ್ಲಿ ಬರುವ ಅಮ್ಮ ನನಗಿಂತ ಸ್ವಲ್ಪ ದಡ್ಡಿ. ಇರಲಿ, ಅವಳಿಗೆ ಚಪ್ಪಾಳೆ ಜಾಸ್ತಿ. ಅಪ್ಪನ ಆಪರೇಷನ್ ವಿಷಯ ಮಾತ್ರ ಅವರನ್ನು ಕೇಳದೆ ಹೇಳಬೇಡ. ಕೇಳಿದರೆ ಒಪ್ಪುತ್ತಾರೆ, ಇನ್ನೆರಡು ಸಾಲು ತಾವೇ ಸೇರಿಸುತ್ತಾರೆ.

ದಾವಣಗೆರೆ ಶೋಗೆ ಆ ವಿಡಿಯೋದ ಜೋಕು ಬೇಡ, ಇಲ್ಲಿ ಎಲ್ಲರೂ ನೋಡಿ ಆಗಿದೆ. ಹೊಸದು ಬರೆದುಕೊಂಡು ಬಾ, ಅರ್ಧ ಜನ ನಗದಿದ್ದರೂ ಪರವಾಗಿಲ್ಲ. ಚಿಕ್ಕಮ್ಮನಿಗೂ ಒಂದು ಟಿಕೆಟ್ ಬೇಕಂತೆ. ಮುಂದಿನ ಸಾಲು ಕೊಡಬೇಡ. ನೀನು ಕೆಣಕಿದರೆ ಅವಳು ಸುಮ್ಮನಿರುವವಳಲ್ಲ, ನಿನ್ನ ಶೋ ಅವಳೇ ಮುಗಿಸಿಬಿಡುತ್ತಾಳೆ.

ನಿನ್ನ
ಅಮ್ಮ