ಕಾರ್ಡಿನ ಕೊನೆಯ ಸಾಲು

ಮೆಲ್ಬರ್ನ್
18 ಜನವರಿ 2025

ಅಪ್ಪನಿಗೂ ಅಮ್ಮನಿಗೂ ನಮಸ್ಕಾರ.

ಸುಖವಾಗಿ ತಲುಪಿದೆ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ, ಈ ಕಾಗದ ಮುಖ್ಯವಾಗಿ ನಿಮಗೆ. ನಿಮಗೆ ಈಗ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಇದು ಕೂಗಿ ಹೇಳುವ ವಿಷಯವೂ ಅಲ್ಲ. ಗಾಜನೂರಿನ ನಮ್ಮ ನವೋದಯ ವಸತಿ ಶಾಲೆಯಲ್ಲಿ ಹಳೆಯ ಬ್ಯಾಚಿನವರೆಲ್ಲ ಸೇರಿದ್ದೆವಲ್ಲ, ಅಲ್ಲಿಂದ ಸೊರಬಕ್ಕೆ ಬಂದ ರಾತ್ರಿಯೇ ಹೇಳಬೇಕಿತ್ತು. ಮನೆ ತುಂಬ ನೆಂಟರಿದ್ದರು, ಬೆಳಗಾದರೆ ನಾನು ಹೊರಡಬೇಕಿತ್ತು.

ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸಿಗೇ ಹೋದೆ. 1990ರಲ್ಲಿ ನನ್ನನ್ನು ಶಾಲೆಗೆ ಸೇರಿಸಲು ಬಂದಾಗ ಟ್ರಂಕು ನಿಮ್ಮ ಹೆಗಲ ಮೇಲೆ, ಬಕೆಟ್ಟು ನನ್ನ ಕೈಯಲ್ಲಿ, ಹಾಗೆ ಇಳಿದಿದ್ದೆವಲ್ಲ. ಅದೇ ದಾರಿ. ಆಗ ನೀವು ನನ್ನ ಅಳು ನಿಲ್ಲಿಸಲು ಕಿಟಕಿಯಿಂದ ತೋರಿಸಿದ ತುಂಗೆಯ ಅಣೆಕಟ್ಟು ಈಗ ಕಾಣುವುದಿಲ್ಲ. ಅದರ ಕೆಳಗೆ ತುಂಗಾ ಮೇಲ್ದಂಡೆಯ ಹೊಸ ಅಣೆಕಟ್ಟು ಬಂದು, ಹಳೆಯದು ನೀರೊಳಗೆ ಹೋಗಿದೆ. ನಾನು ಸುಮ್ನೆ ಆ ನೀರನ್ನೇ ನೋಡುತ್ತಾ ಕುಳಿತಿದ್ದೆ.

ಶಾಲೆಯಲ್ಲಿ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ, ಮಕ್ಕಳನ್ನು ಹಂಚುವ ನಾಲ್ಕೂ ಹೌಸುಗಳ ಹೆಸರು ಹಾಗೇ ಇದೆ. ನಮ್ಮ ಬ್ಯಾಚಿನ 80 ಜನರಲ್ಲಿ ಅರ್ಧದಷ್ಟು ಜನ ಬಂದಿದ್ದರು. ಹಳೆಯ ರೋಲ್ ಕಾಲ್ ಮಾಡಿದೆವು. ತೀರಿಕೊಂಡ ಮೂವರ ಹೆಸರನ್ನೂ ಬಿಡದೆ ಕೂಗಿದರು. ಆ ಮೂರು ಸಲವೂ ಎಲ್ಲರೂ ಸೇರಿ ‘ಪ್ರೆಸೆಂಟ್ ಸಾರ್’ ಎಂದೆವು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಬಂದು ನನ್ನ ಕೈ ಹಿಡಿದಳು. ಮೊದಲ ಮಾತೇ ‘ಅಪ್ಪ ಹೇಗಿದ್ದಾರೆ?’ ಯಾರು ಗೊತ್ತಾ? ನೀವು ‘ಹಿಂದಿ ಮಗು’ ಎಂದು ಕರೆಯುತ್ತಿದ್ದಿರಲ್ಲ, ಅವಳು.

ಅಮ್ಮ, ನಿನಗೂ ನೆನಪಿರಬೇಕು. ಒಂಬತ್ತನೇ ಕ್ಲಾಸಿಗೆ ಬಂದಾಗ 100ಕ್ಕೆ 30 ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿನ ಮಕ್ಕಳು ಇಲ್ಲಿಗೆ ಬರುತ್ತಾರೆ ಎಂದು ಕೇಳಿ ನೀನು ಚಂದ್ರಗುತ್ತಿ ರೇಣುಕಾಂಬೆಗೆ ಹರಕೆ ಹೊತ್ತಿದ್ದೆ. ನನ್ನ ಹೆಸರು ಬರಲಿಲ್ಲ. ಆದರೆ ಬೇರೆ ಯಾರೋ ಅಮ್ಮನ ಮಗಳು ಮೂರು ದಿನ ರೈಲಿನಲ್ಲಿ ಕುಳಿತು ಇಲ್ಲಿಗೆ ಬಂದಳು. ನನ್ನ ಪಕ್ಕದ ಮಂಚವೇ ಅವಳದು. ಕನ್ನಡ ಅಕ್ಷರ ತನ್ನ ಶಾಲೆಯಲ್ಲೇ ಕಲಿತು ಬಂದಿದ್ದಳು, ಮಾತು ಬರುತ್ತಿರಲಿಲ್ಲ. ಅಪ್ಪ-ಅಮ್ಮಂದಿರು ಬರುವ ಭಾನುವಾರ ಅವಳು ಡಾರ್ಮಿಟರಿ ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ.

ಅಪ್ಪ, ನೀವೇ ಅವಳನ್ನು ಕರೆಸಿದ್ದು. ‘ರೊಟ್ಟಿ ತಂದಿದ್ದೀನಿ ಬಾ ಮಗು’ ಎಂದಿರಿ. ರೊಟ್ಟಿ ಎಂಬ ಒಂದು ಮಾತು ಅರ್ಥವಾಗಿ ಓಡಿ ಬಂದಳು. ಡಬ್ಬಿ ತೆಗೆದರೆ ಅಮ್ಮನ ಅಕ್ಕಿ ರೊಟ್ಟಿ. ತನ್ನ ಮನೆಯ ಗೋಧಿ ರೊಟ್ಟಿ ಅಲ್ಲ ಎಂದು ಗೊತ್ತಾದರೂ ನಾಲ್ಕು ತಿಂದಳು. ಮುಂದಿನ ತಿಂಗಳಿಂದ ನೀವು ಎರಡು ಡಬ್ಬಿ ತರತೊಡಗಿದಿರಿ.

ಈಗ ಹೇಳುತ್ತೇನೆ, ಆಗ ನನಗೆ ಅದು ಇಷ್ಟವಿರಲಿಲ್ಲ. ಎರಡು ಬಸ್ಸು ಬದಲಿಸಿ ತಿಂಗಳಿಗೊಮ್ಮೆ ಬರುವ ಅಪ್ಪ. ಸಿಗುವುದೇ ಎರಡು ಮೂರು ಗಂಟೆ. ಅದರಲ್ಲಿ ಅವಳಿಗೆ ಪಾಲು ಯಾಕೆ ಎನ್ನಿಸುತ್ತಿತ್ತು. ಒಂದು ಸಲ ಅವಳಿಗೆ ಜ್ವರ ಬಂದು ಮಲಗಿದ್ದಳು. ಅವಳ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೋದಿರಿ. ನಾನು ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮಾರನೆಯ ದಿನ ರೊಟ್ಟಿ ಹಳಸಿತ್ತು. ಯಾರಿಗೂ ಹೇಳಿರಲಿಲ್ಲ. ಮೊನ್ನೆ ಅವಳಿಗೆ ಹೇಳಿದೆ. ‘ಗೊತ್ತಿತ್ತು, ವಾಸನೆ ಬಂದಿತ್ತು’ ಎಂದಳು. ನನ್ನ ಕೈ ಬಿಡಲಿಲ್ಲ.

ಆಮೇಲೆ ಅವಳು ಹೇಳಿದ್ದು ಕೇಳಿ ನನಗೆ ಮಾತೇ ಹೊರಡಲಿಲ್ಲ. ಪ್ರತಿ ಸಲ ನೀವು ಒಂದು ಪೋಸ್ಟ್ ಕಾರ್ಡ್ ತಂದು ಅವಳ ಮುಂದೆ ಇಡುತ್ತಿದ್ದಿರಿ. ಅವಳು ಮನೆಗೆ ಹಿಂದಿಯಲ್ಲಿ ಬರೆಯುತ್ತಿದ್ದಳು. ‘ಶಿವಮೊಗ್ಗ ಸ್ಟೇಷನ್ನಿನ ಡಬ್ಬಿಗೆ ಹಾಕಿದರೆ ಬೇಗ ಹೋಗುತ್ತದೆ’ ಎಂದು ನೀವು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದಿರಿ. ಅಷ್ಟು ನನಗೂ ಗೊತ್ತು. ಹಾಕುವ ಮುಂಚೆ ನೀವು ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯುತ್ತಿದ್ದಿರಂತೆ! ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಪ್ಪ?

ಅವಳ ಊರಿನಲ್ಲಿ ಯಾರಿಗೆ ಕನ್ನಡ ಬರಬೇಕು? ಮೊದಲ ಕಾರ್ಡು ಬಂದಾಗ, ಮಗಳು ಏನೋ ತಪ್ಪು ಮಾಡಿದ್ದಾಳೆ, ಶಾಲೆಯವರು ದೂರು ಬರೆದಿದ್ದಾರೆ ಎಂದು ಅವಳ ಅಮ್ಮ ಹೆದರಿದ್ದರಂತೆ. ಅವಳ ಅಪ್ಪ ಪೋಸ್ಟ್ ಮ್ಯಾನ್‌ಗೂ ಮೇಷ್ಟರಿಗೂ ತೋರಿಸಿದರಂತೆ. ಯಾರಿಗೂ ಓದಲು ಬರಲಿಲ್ಲ. ಎರಡನೆಯದೂ ಬಂತು, ಮೂರನೆಯದೂ ಬಂತು. ಮಗಳು ಬಂದಮೇಲೆ ಕೇಳೋಣ ಎಂದು ಎಲ್ಲವನ್ನೂ ಜೋಡಿಸಿಟ್ಟಿದ್ದರು. ವರ್ಷ ಮುಗಿಸಿ ಮನೆಗೆ ಹೋದ ದಿನವೇ ಅವಳನ್ನು ಅಂಗಳದಲ್ಲಿ ಕೂರಿಸಿ ಓದಿಸಿದರು. ಅವಳು ಒಂದೊಂದೇ ಓದಿ ಹಿಂದಿಯಲ್ಲಿ ಹೇಳಿದಳು. ‘ಮಗು ಚೆನ್ನಾಗಿದೆ.’ ‘ಮಗು ಸ್ವಲ್ಪ ದಪ್ಪ ಆಗಿದೆ.’ ‘ಜ್ವರ ಬಂದಿತ್ತು, ಈಗ ಬಿಟ್ಟಿದೆ, ನಾನು ನೋಡಿದೆ.’ ಅವಳ ಅಪ್ಪ ಅದನ್ನು ಮತ್ತೆ ಮತ್ತೆ ಓದಿಸಿದರಂತೆ.

ಆ ಜ್ವರದ ಕಾರ್ಡಿನ ಫೋಟೋ ಅವಳ ಫೋನಿನಲ್ಲಿತ್ತು. ನಿಮ್ಮ ಅಕ್ಷರವೇ. ‘ನ’ದ ಬಾಲ ಉದ್ದ ಎಳೆದಿದ್ದೀರಿ. ಅದೇ ದಿನ ನಾನು ಟ್ರಂಕಿಗೆ ಬೀಗ ಹಾಕಿದ್ದು.

ಅಮ್ಮ, ಆ ರೊಟ್ಟಿ ತಟ್ಟಿದವಳು ನೀನು ಎಂದು ಅವಳಿಗೆ ಗೊತ್ತು. ನಿನ್ನನ್ನು ನೋಡಲೇಬೇಕಂತೆ. ಬೇಸಿಗೆಯಲ್ಲಿ ಸೊರಬಕ್ಕೆ ಬರುತ್ತಾಳೆ. ಖಾರ ಜಾಸ್ತಿ ಹಾಕಬೇಡ.

ಅಪ್ಪ, ಅವಳ ತಂದೆ ಇದ್ದಾರೆ. ವಯಸ್ಸು ನಿಮ್ಮಷ್ಟೇ. ಅವರ ವಿಳಾಸವನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಒಂದು ಕಾರ್ಡು ಹಾಕಿ. ಕನ್ನಡದಲ್ಲೇ ಬರೆಯಬೇಕಂತೆ, ಅವಳು ಓದಿ ಹೇಳುತ್ತಾಳೆ.

ನಿಮ್ಮ
ಪುಟ್ಟಿ