ಬದುವಿಗೆ ಬೆಂಕಿ ಬೇಡ, ಬೇಲಿಗೆ ನೈಲಾನ್ ಬಲೆ ಬೇಡ

ಮಾನ್ಯ ಸಂಪಾದಕರೇ,

ಸುಗ್ಗಿ ಮುಗಿದು ಹೊಲ ಬರಿದಾಗುತ್ತಲೇ ಬಯಲುಸೀಮೆಯಲ್ಲಿ ಬದುಗಳಿಗೆ ಬೆಂಕಿ ಇಡುವುದು ಶುರುವಾಗುತ್ತದೆ. ಬೇಸಿಗೆಯಲ್ಲಿ ಮಧುಗಿರಿ, ಪಾವಗಡ, ಶಿರಾ, ಹಿರಿಯೂರು ಕಡೆ ಹೋದವರಿಗೆ ಕರಕಲಾದ ಬದು, ಗೋಮಾಳಗಳು ಕಣ್ಣಿಗೆ ಬೀಳದೆ ಇರವು. ಹಾವು, ಉಣ್ಣೆ ಸಾಯಲಿ, ಮಳೆ ಬಿದ್ದರೆ ಎಳೆ ಹುಲ್ಲು ಚಿಗುರಲಿ ಎಂಬುದು ಇಡುವವರ ಲೆಕ್ಕ. ಆ ಲೆಕ್ಕದಲ್ಲಿ ಹಾವಿನ ಭಾಗವಂತೂ ತಪ್ಪು.

ಹುಲ್ಲಿನ ಬೆಂಕಿ ನೆಲದ ಮೇಲೆ ಬೇಗ ಹಾದುಹೋಗುತ್ತದೆ. ಇಲಿ ಬಿಲದ ಆಳದಲ್ಲಿರುವ ನಾಗರಹಾವು, ಕೊಳಕುಮಂಡಲಗಳಿಗೆ ಅದರ ಬಿಸಿ ತಟ್ಟುವುದು ಕಡಿಮೆ. ಮರೆ ಮತ್ತು ಕಾಳು ಎರಡೂ ಇಲ್ಲವಾದಾಗ ಇಲಿಗಳು ಮೆದೆ, ಸೌದೆ ರಾಶಿ, ಕೊಟ್ಟಿಗೆಗಳತ್ತ ಸರಿಯುತ್ತವೆ. ಹಾವು ಇಲಿಯ ಹಿಂದೆಯೇ ಬರುತ್ತದೆ. ಬೆಂಕಿಗೆ ಸಿಗುವುದು ಓಡಲಾಗದವು. ನಕ್ಷತ್ರ ಆಮೆ ಚಿಪ್ಪಿನೊಳಗೆ ಮುದುಡಿ ಕೂತಲ್ಲೇ ಬೇಯುತ್ತದೆ. ಹುಲ್ಲಿನ ಬುಡದಲ್ಲಿ ಕಾವಿಗೆ ಕೂತ ಗೌಜಲಹಕ್ಕಿ ಕೊನೆಯ ಗಳಿಗೆಯವರೆಗೂ ಏಳುವುದಿಲ್ಲ. ಟಿಟ್ಟಿಭ ಗೂಡನ್ನೇ ಕಟ್ಟುವುದಿಲ್ಲ, ಬೆಣಚುಕಲ್ಲಿನ ನಡುವೆ ಬರಿ ನೆಲದ ಮೇಲೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಅದರ ಕಾವಿನ ಕಾಲ ಮಾರ್ಚ್‌ನಿಂದ ಆಗಸ್ಟ್‌ವರೆಗೆ. ಓತಿಕ್ಯಾತ, ಹಾವುರಾಣಿಗಳೂ ಇದೇ ಹುಲ್ಲಿನಲ್ಲಿವೆ. ಹಾವುರಾಣಿಗೆ ವಿಷವಿದೆ ಎಂದು ಇಂದಿಗೂ ಹೊಡೆದು ಕೊಲ್ಲುತ್ತಾರೆ, ಅದಕ್ಕೆ ವಿಷ ಎಳ್ಳಷ್ಟೂ ಇಲ್ಲ. ಹುಲ್ಲು ಸುಟ್ಟು ಬೋಳಾದ ಬದುವಿನ ಮಣ್ಣು ಮೊದಲ ಬಿರುಮಳೆಗೆ ಕೊಚ್ಚಿಹೋಗುವುದು ರೈತನಿಗೇ ಆಗುವ ನಷ್ಟ.

ಹುಲ್ಲು ತೆಗೆಯಲೇಬೇಕಿದ್ದರೆ ಡಿಸೆಂಬರ್, ಜನವರಿಯಲ್ಲಿ, ಹಕ್ಕಿಗಳು ಮೊಟ್ಟೆಗೆ ಕೂರುವ ಮುಂಚೆಯೇ, ಕುಡುಗೋಲಿನಿಂದ ಕೊಯ್ಯಬೇಕು. ಬುಡದಿಂದ ಅರ್ಧ ಅಡಿ ಬಿಟ್ಟು ಕೊಯ್ದರೆ ಬೇರು ಉಳಿಯುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಬೇಕು, ಎರಡೂ ಕಡೆಯಿಂದ ಮುತ್ತಿಗೆ ಹಾಕಿದರೆ ಒಳಗಿನ ಜೀವಿಗಳು ನಡುವೆ ಸಿಕ್ಕಿಬೀಳುತ್ತವೆ. ಈ ವರ್ಷ ಅರ್ಧ ಬದು, ಬರುವ ವರ್ಷ ಉಳಿದರ್ಧ ಎಂದು ಹಂಚಿಕೊಂಡರೆ ಮರೆ ಯಾವಾಗಲೂ ಇರುತ್ತದೆ. ಬದುವಿಗೆ ಕಳೆನಾಶಕ ಹೊಡೆಯುವುದು ಬೆಂಕಿಗಿಂತ ಮೇಲಲ್ಲ: ಹುಲ್ಲಿನ ಜೊತೆಗೆ ಹುಳು ಹೋಗುತ್ತದೆ, ಹುಳು ಹೋದಮೇಲೆ ಕಾಜಾಣ, ನೀಲಕಂಠಗಳಿಗೆ ಅಲ್ಲಿ ಕೆಲಸವಿಲ್ಲ. ಬದುವನ್ನು ಜೆಸಿಬಿಯಿಂದ ಕೆರೆಯುವಾಗ ಕಡಿದಾದ ಮಣ್ಣಿನ ಅಂಚಿನಲ್ಲಿ ದುಂಡನೆಯ ತೂತುಗಳಿವೆಯೇ ನೋಡಿ. ಕಳ್ಳಿಪೀರ ಹಕ್ಕಿ ಆ ಸುರಂಗದ ಕೊನೆಯಲ್ಲಿ ಮರಿ ಮಾಡುತ್ತದೆ. ಅಷ್ಟು ಭಾಗವನ್ನು ಜೂನ್‌ವರೆಗೆ ಮುಟ್ಟದೆ ಬಿಟ್ಟರೆ ಸಾಕು.

ಎರಡನೆಯದು ಬೇಲಿ. ಕತ್ತಾಳೆ, ಕಳ್ಳಿ, ಕಾರೆ, ಲಕ್ಕಿ, ತಂಗಡಿಯ ಜೀವಂತ ಬೇಲಿ ಕಿತ್ತು ತರಕಾರಿ ತೋಟ, ಕೋಳಿಗೂಡುಗಳಿಗೆ ನೈಲಾನ್ ಬಲೆ ಕಟ್ಟುವುದು ಹೆಚ್ಚಾಗಿದೆ. ಕೇರೆಹಾವು ಕಣ್ಣಿಯೊಳಗೆ ತಲೆ ತೂರಿಸುತ್ತದೆ. ಅದರ ಹುರುಪೆಗಳು ಹಿಂದಕ್ಕೆ ಬಾಗಿರುವುದರಿಂದ ಹಿಂದೆ ಸರಿಯಲಾಗದು, ಮುಂದೆ ನುಗ್ಗಿದಷ್ಟೂ ದಾರ ಮೈಗೆ ಕೊರೆಯುತ್ತದೆ. ಬಿಸಿಲೇರಿದಮೇಲೆ ಹೆಚ್ಚು ಹೊತ್ತು ಬದುಕುವುದಿಲ್ಲ. ಬಲೆ ಬೇಕೇಬೇಕಿದ್ದರೆ ಕೆಳಗಿನ ಒಂದೂವರೆ ಅಡಿಗೆ ಹಳೆ ಸೀರೆ ಅಥವಾ ಒತ್ತು ನೇಯ್ಗೆಯ ನೆರಳುಬಲೆ ಕಟ್ಟಿ, ಮೇಲೆ ಮಾತ್ರ ನೈಲಾನ್ ಬಲೆ ಬಿಗಿಯಾಗಿ ಎಳೆಯಿರಿ. ಜೋಲು ಬಿಟ್ಟ ಬಲೆಯೇ ಹೆಚ್ಚು ಕೊಲ್ಲುವುದು. ಬೆಳೆ ಮುಗಿದೊಡನೆ ಸುತ್ತಿ ಒಳಗಿಡಿ. ಸಿಕ್ಕಿಬಿದ್ದ ಹಾವನ್ನು ಎಳೆಯಬೇಡಿ, ಹತ್ತಿರವೂ ಹೋಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬಲೆ ಕತ್ತರಿಸುವುದು ತರಬೇತಿ ಪಡೆದವರ ಕೆಲಸ.

ಇದನ್ನೆಲ್ಲ ಓದಿ, ಕಚ್ಚಿದರೆ ಏನು ಗತಿ ಎಂದು ರೈತರು ಕೇಳುವುದು ಸಹಜ, ಅದು ನ್ಯಾಯವಾದ ಪ್ರಶ್ನೆ. ಸೌದೆ, ಇಟ್ಟಿಗೆ ರಾಶಿ ಮನೆಗೋಡೆಗೆ ತಾಗದಿರಲಿ. ಕಟ್ಟುಹಾವು ರಾತ್ರಿ ಮನೆಯೊಳಗೆ ಬಂದು ನೆಲದಲ್ಲಿ ಮಲಗಿದವರನ್ನು ಕಚ್ಚುವುದುಂಟು. ಮಂಚದ ಮೇಲೆ, ಅಂಚು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗಬೇಕು. ರಾತ್ರಿ ನೀರು ಕಟ್ಟಲು ಹೋಗುವವರಿಗೆ ಬೂಟು, ಟಾರ್ಚು ಬೇಕೇ ಬೇಕು. ಕಚ್ಚಿದರೆ ಬಿಗಿದು ಕಟ್ಟಬಾರದು, ಕೊಯ್ಯಬಾರದು, ನಾಟಿ ಔಷಧಕ್ಕೆ ಅಲೆಯಬಾರದು. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು 108 ಕರೆದು ಆಸ್ಪತ್ರೆ ಸೇರಬೇಕು. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದು ಒಳ್ಳೆಯ ಹೆಜ್ಜೆ.

ಹಕ್ಕಿ ನೋಡಲು ಹಳ್ಳಿಗಳಿಗೆ ಬರುವ ಪಟ್ಟಣದ ಗೆಳೆಯರಿಗೂ ಒಂದು ಮಾತು. ಟಿಟ್ಟಿಭ ಕೂಗುತ್ತ ತಲೆಯ ಮೇಲೆರಗಿದರೆ ಮೊಟ್ಟೆ ಹತ್ತಿರದಲ್ಲಿದೆ ಎಂದರ್ಥ, ಬಂದ ಹಾದಿಯಲ್ಲೇ ಹಿಂದೆ ಸರಿಯಿರಿ. ಬೇಸಿಗೆಯಲ್ಲಿ ತಾಯಿ ಎದ್ದು ಹೋದ ಮೊಟ್ಟೆ ಬಿಸಿಲಿಗೆ ಬೇಗ ಕೆಡುತ್ತದೆ. ಕಲ್ಲು ಎತ್ತಿ ಹಲ್ಲಿ, ಹಾವು ಹುಡುಕುವ ಅಭ್ಯಾಸ ಬಿಡಿ. ಚಳಿಗಾಲದ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಂಡೆಗಳನ್ನು ದೂರದಿಂದ ದುರ್ಬೀನಿನಲ್ಲಿ ನೋಡಿದರೆ ಬಿಸಿಲು ಕಾಯುವ ಉಡ, ಓತಿಕ್ಯಾತಗಳು ತಾವಾಗಿಯೇ ಕಾಣುತ್ತವೆ. ನಕ್ಷತ್ರ ಆಮೆ, ಮಣ್ಣುಮುಕ್ಕ ಹಾವುಗಳ ಚಿತ್ರವನ್ನು ಜಾಗದ ಹೆಸರಿನೊಂದಿಗೆ ಜಾಲತಾಣಕ್ಕೆ ಹಾಕಬೇಡಿ. ಇವೆರಡರ ಕಳ್ಳಸಾಗಣೆ ನಮ್ಮ ರಾಜ್ಯದಲ್ಲಿ ಇನ್ನೂ ನಿಂತಿಲ್ಲ.

ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಿಗಳ ದಾಖಲೆ ಸಿದ್ಧಪಡಿಸಬೇಕು. ಆ ದಾಖಲೆಯಲ್ಲಿ ಗೋಮಾಳ, ಗುಂಡುತೋಪು, ಖರಾಬು ಜಮೀನುಗಳಲ್ಲಿ ಯಾವ ಹಕ್ಕಿ ಯಾವ ತಿಂಗಳು ಗೂಡು ಮಾಡುತ್ತದೆ ಎಂಬುದನ್ನು ಕುರಿಗಾಹಿಗಳನ್ನು ಕೇಳಿ ಬರೆಸಬೇಕು, ಅವರಷ್ಟು ಬಲ್ಲವರು ಬೇರೆಯಿಲ್ಲ. ಬೇಸಿಗೆಗೆ ಮುಂಚಿನ ಗ್ರಾಮಸಭೆಯಲ್ಲಿ ಬೆಂಕಿ ನಿಷೇಧದ ನಿರ್ಣಯ ಮಾಡಿ, ಫೆಬ್ರುವರಿಯೊಳಗೆ ಊರೂರಲ್ಲಿ ತಮಟೆ ಹೊಡೆಸಿ ಸಾರಬೇಕೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕೋರುತ್ತೇವೆ.

– ಹಕ್ಕಿ, ಸರೀಸೃಪ ಆಸಕ್ತರು, ತುಮಕೂರು ಜಿಲ್ಲೆ