ತೀನ್ ಮೂರ್ತಿಯ ಮೂರನೆಯವನು

ಪ್ರೀತಿಯ ಸೀನ,

ದೆಹಲಿಯ ತೀನ್ ಮೂರ್ತಿ ಮುಂದೆ ನಿಂತು ತೆಗೆಸಿಕೊಂಡ ಫೋಟೋ ನೋಡಿದೆ. "ಯಾರೋ ಸೈನಿಕರು, ಬಿಸಿಲಲ್ಲೇ ನಿಂತಿದ್ದಾರೆ ಪಾಪ" ಅಂತ ಬರೆದಿದ್ದೀಯಲ್ಲ! ಆ ಮೂವರಲ್ಲಿ ಒಬ್ಬ ನಮ್ಮವನು ಮಾರಾಯ. ಮೂವರೂ ಸಂಸ್ಥಾನಗಳ ಕುದುರೆ ಪಡೆಯವರು: ಒಂದು ಮೂರ್ತಿ ಹೈದರಾಬಾದಿನದು, ಒಂದು ಜೋಧಪುರದ್ದು, ಇನ್ನೊಂದು ಮೈಸೂರಿನದು.

ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್, ಬೆಂಗಳೂರಿನಲ್ಲಿತ್ತು. 1914ರಲ್ಲೇ ಅವರನ್ನು ಹಡಗು ಹತ್ತಿಸಿ ಈಜಿಪ್ಟಿಗೆ ಕಳಿಸಿದರು. ಮೊದಲ ಕೆಲಸ ಸೂಯೆಜ್ ಕಾಲುವೆ ಕಾಯುವುದು. ತಮಾಷೆ ನೋಡು, ಪಡೆ ಸಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನ, ಯುದ್ಧ ಬ್ರಿಟಿಷರದು, ಎದುರಾಳಿ ತುರ್ಕಿ ಸುಲ್ತಾನ. ನಮ್ಮ ಹುಡುಗರಿಗೂ ಆ ಸುಲ್ತಾನನಿಗೂ ಏನು ಜಗಳ? ನನಗಂತೂ ಅದು ಇವತ್ತಿಗೂ ಅರ್ಥವಾಗಿಲ್ಲ.

ಅವರ ಹೆಸರು ಉಳಿದದ್ದು ಹೈಫಾದಿಂದ. ಈಗ ಇಸ್ರೇಲಿನಲ್ಲಿರುವ, ಆಗ ತುರ್ಕರ ಕೈಯಲ್ಲಿದ್ದ ಬಂದರು ಅದು. ಸಮುದ್ರದ ಮೂಲಕ ಸೈನ್ಯಕ್ಕೆ ಸಾಮಾನು ತರಿಸಲು ಬ್ರಿಟಿಷರಿಗೆ ಅದು ಬೇಕೇಬೇಕಿತ್ತು. ಊರಿಗೆ ಹೋಗುವ ದಾರಿ ಇಕ್ಕಟ್ಟು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಕೆಸರು. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್ ಗನ್. 1918ರ ಸೆಪ್ಟೆಂಬರ್ 23ರ ಮಧ್ಯಾಹ್ನ ಜೋಧಪುರದವರು ಈಟಿ ಹಿಡಿದು ನೇರ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಆ ದಾಳಿಯಲ್ಲಿ ಬಿದ್ದ ಗುಂಡೇಟಿಗೆ ಸತ್ತರು. ಮೈಸೂರಿನ ಒಂದು ತುಕಡಿಗೆ ಬೇರೆ ಕೆಲಸ: ಸುತ್ತು ಹಾಕಿ ಬೆಟ್ಟ ಹತ್ತಿ, ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸುವುದು. ಕಲ್ಲುಬಂಡೆಯ ಆ ಕಡಿದಾದ ಏರಿನಲ್ಲಿ ಕುದುರೆ ಹತ್ತಿಸುವುದು ಅಂದರೆ ಸುಮ್ನೇನಾ? ಆದರೂ ಹತ್ತಿದರು, ಫಿರಂಗಿ ಹಿಡಿದರು. ಉಳಿದ ಮೈಸೂರಿನವರು ಕೆಳಗಿನಿಂದ ಗುಂಡು ಹಾರಿಸಿ ಜೋಧಪುರದವರಿಗೆ ದಾರಿ ಮಾಡಿಕೊಟ್ಟು, ಆಮೇಲೆ ತಾವೂ ಕುದುರೆ ಏರಿ ಊರೊಳಗೆ ನುಗ್ಗಿದರು.

ಸಂಜೆಯೊಳಗೆ ಹೈಫಾ ಕೈಗೆ ಬಂತು. ಸೆರೆ ಸಿಕ್ಕವರು 1,300ಕ್ಕೂ ಜಾಸ್ತಿ. ನಮ್ಮ ಕಡೆ ಸತ್ತವರು 8 ಜನ, ಗಾಯಗೊಂಡವರು 34. ಕುದುರೆಗಳು ಮಾತ್ರ 60 ಸತ್ತವು, 83ಕ್ಕೆ ಗಾಯ. ಆ ಲೆಕ್ಕ ಓದಿದಾಗ ನನಗೆ ಮನುಷ್ಯರಿಗಿಂತ ಮೊದಲು ಕುದುರೆಗಳೇ ಕಣ್ಣ ಮುಂದೆ ಬಂದವು. ನಾಲ್ಕು ವರ್ಷ ಮರಳಿನಲ್ಲಿ ಅವನ್ನು ತಿಕ್ಕಿ ತೊಳೆದು ಮೇವು ಹಾಕಿದವರಿಗೆ ಆ ರಾತ್ರಿ ನಿದ್ದೆ ಬಂದಿರುತ್ತಾ ಹೇಳು.

ನೀನು ನಿಂತ ಜಾಗಕ್ಕೆ 2018ರಲ್ಲಿ ತೀನ್ ಮೂರ್ತಿ ಹೈಫಾ ಚೌಕ್ ಅಂತ ಹೆಸರಿಟ್ಟಿದ್ದಾರೆ. ಬೋರ್ಡ್ ನೋಡಲಿಲ್ಲವೇನೋ?

ಇನ್ನೊಂದು ವಿಷಯ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಕಾಲೇಜಿನ ದಿನಗಳಲ್ಲಿ ನಾವಿಬ್ಬರೂ ಅದೆಷ್ಟು ಸಲ ಆ ಕಡೆ ಅಲೆದಿದ್ದೇವೋ, ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ದೀಪಾವಳಿಗೆ ಬರುತ್ತೀಯಲ್ಲ, ಹೋಗೋಣ. ಫೋಟೋ ನಾನೇ ತೆಗೆಯುತ್ತೇನೆ. ಆ ಕೂಲಿಂಗ್ ಗ್ಲಾಸ್ ಮಾತ್ರ ಮನೆಯಲ್ಲೇ ಬಿಟ್ಟು ಬಾ.

ನಿನ್ನ
ರಾಘು